ನಾನು ಮಾತಾಡಿ ಮುಚ್ಚಿದ ಮೂರು ಬೆಲ್

ಕೋವಿಡ್ ಕಳೆದ ಮರುವರ್ಷದ ಚಳಿಗಾಲ. ಆಗ ನಾನು ದೆಹಲಿಯ ಕರೋಲ್ ಬಾಗ್‌ನಲ್ಲಿ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆಯ ಸ್ಟುಡಿಯೋದಲ್ಲಿ ಆಡಿಯೊ ಡಿಸ್ಕ್ರೈಬರ್ ಆಗಿ ಕೆಲಸ ಮಾಡುತ್ತಿದ್ದೆ. ಹೆಸರು ದೊಡ್ಡದು, ಕೆಲಸ ಸರಳ. ಕಣ್ಣು ಕಾಣದವರು ಸಿನಿಮಾ ಕೇಳಲು ಕುಳಿತಾಗ ಪರದೆಯ ಮೇಲೆ ಏನು ನಡೆಯುತ್ತಿದೆ ಎಂದು ಅವರ ಕಿವಿಗೆ ಹೇಳುವುದು. ಪಾತ್ರಗಳು ಮಾತಾಡುವಾಗ ನಾವು ಸುಮ್ಮನಿರಬೇಕು. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಸಿಗುವ ಬಿಡುವಿನಲ್ಲಿ ನಮ್ಮದನ್ನು ಹೇಳಿ ಮುಗಿಸಬೇಕು. ಎರಡನೆಯ ನಿಯಮ, ಕಣ್ಣಿಗೆ ಕಂಡದ್ದನ್ನಷ್ಟೇ ಹೇಳಬೇಕು. ‘ಅವಳು ದುಃಖದಲ್ಲಿದ್ದಾಳೆ’ ಎನ್ನುವಂತಿಲ್ಲ, ‘ಅವಳು ತಲೆ ತಗ್ಗಿಸಿದಳು’ ಎನ್ನಬೇಕು. ದುಃಖವೋ ನಾಚಿಕೆಯೋ ಎಂದು ತೀರ್ಮಾನಿಸುವುದು ಕೇಳುವವರಿಗೆ ಬಿಟ್ಟದ್ದು.

ಅದಕ್ಕೂ ಮೊದಲು ಇದೇ ಊರಿನಲ್ಲಿ ಮೂವತ್ತೊಂದು ವರ್ಷ ರೇಡಿಯೊದಲ್ಲಿ ಕನ್ನಡ ವಾರ್ತೆ ಓದಿದವಳು ನಾನು. ವಾರ್ತೆ ಓದುವವರಿಗೆ ಎರಡು ರೋಗ ಅಂಟಿಕೊಳ್ಳುತ್ತವೆ. ಒಂದು, ಸದಾ ಗಡಿಯಾರ ನೋಡುವುದು. ಇನ್ನೊಂದು, ಮೌನವನ್ನು ಕಂಡರೆ ಆಗದಿರುವುದು. ಪ್ರಸಾರದ ನಡುವೆ ಐದು ಸೆಕೆಂಡು ಶಬ್ದವಿಲ್ಲದೆ ಹೋದರೆ ಅದನ್ನು ಡೆಡ್ ಏರ್ ಎನ್ನುತ್ತಿದ್ದೆವು. ಮರುದಿನ ಲಿಖಿತ ವಿವರಣೆ ಕೊಡಬೇಕಾಗುತ್ತಿತ್ತು. ನಾನು ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಸಲ ಅಂಥ ವಿವರಣೆ ಬರೆದದ್ದು, ಅದೂ ಕೆಮ್ಮು ಬಂದದ್ದಕ್ಕೆ. ಈ ದಾಖಲೆಯ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು. ನಿವೃತ್ತಿಯ ಜೊತೆಗೆ ಅದನ್ನೂ ಹೊಸ ಕೆಲಸಕ್ಕೆ ಹೊತ್ತುಕೊಂಡು ಬಂದಿದ್ದೆ.

ಆ ಚಳಿಗಾಲದಲ್ಲಿ ನನ್ನ ಕೈಗೆ ಬಂದದ್ದು ಹಳೆಯ ಕಪ್ಪು ಬಿಳುಪಿನ ಒಂದು ಇಂಗ್ಲಿಷ್ ಚಿತ್ರ. ಬ್ರಿಟನ್ನಿನ ವೇಲ್ಸ್ ಪ್ರಾಂತದ ಒಂದು ಕಲ್ಲಿದ್ದಲು ಗಣಿ ಕುಟುಂಬದ ಕಥೆ. ಅಪ್ಪ, ಮಕ್ಕಳು ಎಲ್ಲರೂ ಒಂದೇ ಗಣಿಗೆ ಇಳಿಯುವವರು. ಸುಮಾರು ಎರಡು ಗಂಟೆಯ ಚಿತ್ರ. ಸಂಭಾಷಣೆಗೆ ಕನ್ನಡ ಧ್ವನಿ ಕೊಡುವ ಕೆಲಸವನ್ನು ಬೇರೆ ತಂಡ ಆಗಲೇ ಮುಗಿಸಿತ್ತು. ದೃಶ್ಯಗಳ ವಿವರಣೆ ಮಾತ್ರ ನನ್ನ ಪಾಲಿಗೆ ಉಳಿದಿತ್ತು. ಗಣಿ ಎಂದರೆ ನನಗೆ ಗೊತ್ತಿದ್ದದ್ದು ವಾರ್ತೆಯಲ್ಲಿ ಓದಿದಷ್ಟು, ಅಂದರೆ ದುರಂತವಾದಾಗ ಸತ್ತವರ ಸಂಖ್ಯೆ. ಆದರೂ ಮೂರು ವಾರ ಕುಳಿತು ನೂರ ಅರವತ್ತನಾಲ್ಕು ವಿವರಣೆ ಬರೆದೆ.

ಅದರಲ್ಲಿ ಒಂದನ್ನು ಬರೆದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಗಣಿಯಲ್ಲಿ ಅಪಘಾತವಾಗಿರುತ್ತದೆ. ಮೇಲೆ, ಗಣಿಯ ಬಾಯಲ್ಲಿ, ಊರಿನವರೆಲ್ಲ ನಿಂತು ಕಾಯುತ್ತಾರೆ. ಎತ್ತರದ ಕಬ್ಬಿಣದ ಚೌಕಟ್ಟಿನ ಮೇಲೆ ಚಕ್ರ ತಿರುಗುತ್ತದೆ, ಹಗ್ಗ ಸುತ್ತಿಕೊಳ್ಳುತ್ತದೆ, ಕೇಜ್ ಮೇಲೆ ಬರುತ್ತದೆ. ಕೇಜ್ ಎಂದರೆ ಗಣಿಯೊಳಗೆ ಮನುಷ್ಯರನ್ನೂ ಸಾಮಾನನ್ನೂ ಇಳಿಸಿ ಹತ್ತಿಸುವ ಕಬ್ಬಿಣದ ಪಂಜರ, ಒಂದು ಬಗೆಯ ಲಿಫ್ಟ್. ಈ ದೃಶ್ಯದಲ್ಲಿ ಎರಡು ನಿಮಿಷ ನಲವತ್ತು ಸೆಕೆಂಡು ಯಾರೂ ಮಾತಾಡುವುದಿಲ್ಲ. ನನಗೆ ಹಬ್ಬವೇ ಸಿಕ್ಕಂತಾಯಿತು. ಹೆಂಗಸರ ಶಾಲು, ಮುದುಕರ ಟೋಪಿ, ಆಕಾಶದ ಹೊಗೆ, ಚಕ್ರದ ಕಡ್ಡಿಗಳು, ಒಂದನ್ನೂ ಬಿಡದೆ ತುಂಬಿಸಿದೆ. ಓದುವಾಗ ನನ್ನ ಧ್ವನಿಯೂ ಸ್ವಲ್ಪ ಗದ್ಗದವಾಗಿತ್ತು. ಧ್ವನಿಮುದ್ರಣ ನೋಡಿಕೊಳ್ಳುತ್ತಿದ್ದ ಸುರಿಂದರ್‌ಜಿ ಕನ್ನಡ ಬಾರದಿದ್ದರೂ ‘ಬಹುತ್ ಬಢಿಯಾ, ಮೇಡಂಜಿ’ ಎಂದರು. ಅವರು ಮಿತಭಾಷಿ ಪಂಜಾಬಿ, ಸುಮ್ಮನೆ ಹೊಗಳುವವರಲ್ಲ. ನಾನು ಉಬ್ಬಿಹೋದೆ.

ನಮ್ಮ ಸಂಸ್ಥೆಯಲ್ಲಿ ಒಂದು ಕಟ್ಟುಪಾಡಿತ್ತು. ಯಾವ ಚಿತ್ರವನ್ನೂ ದೃಷ್ಟಿಯಿಲ್ಲದ ಒಬ್ಬ ಕೇಳುಗರು ಪರೀಕ್ಷಿಸಿ, ಸರಿಯಿದೆ ಎಂದು ಸಹಿ ಹಾಕದೆ ಹೊರಗೆ ಬಿಡುವಂತಿಲ್ಲ. ಅವರು ಸ್ಟುಡಿಯೋದಲ್ಲಿ ಕುಳಿತು ಪೂರ್ತಿ ಕೇಳಬೇಕು, ಎಲ್ಲಿ ದಾರಿ ತಪ್ಪಿತೋ ಅಲ್ಲಿ ಕೈ ಎತ್ತಬೇಕು. ಹಿಂದಿ ಚಿತ್ರಗಳಿಗೆ ಇಂಥವರು ಎಷ್ಟು ಬೇಕಾದರೂ ಸಿಗುತ್ತಿದ್ದರು. ಕನ್ನಡ ಬಲ್ಲವರನ್ನು ದೆಹಲಿಯಲ್ಲಿ ಎಲ್ಲಿ ಹುಡುಕುವುದು? ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪೊಂದರಲ್ಲಿ ಕೇಳಿಕೊಂಡೆ. ನಾಲ್ಕನೆಯ ದಿನ ದೆಹಲಿಯ ಅಂಚಿನ ಇಂದಿರಾಪುರಂನಿಂದ ಸ್ಟೆಲ್ಲಾ ಎಂಬ ಮಹಿಳೆ ಫೋನ್ ಮಾಡಿದರು.

ಸ್ಟೆಲ್ಲಾ ಶಾಲೆಯೊಂದರಲ್ಲಿ ಟೀಚರ್. ಅವರ ತಂದೆ ಅರುಳಪ್ಪನವರಿಗೆ ಎಪ್ಪತ್ತಾರು ವರ್ಷ. ಗ್ಲಾಕೋಮಾದಿಂದ ಎರಡು ವರ್ಷದ ಹಿಂದೆ ಪೂರ್ತಿ ಕಣ್ಣು ಹೋಗಿತ್ತು. ಮಗಳು ಊರಿನಿಂದ ಕರೆತಂದು ಇಟ್ಟುಕೊಂಡಿದ್ದರು. ಅಂದಿನಿಂದ ಆಸ್ಪತ್ರೆಗೆ ಬಿಟ್ಟರೆ ಬೇರೆಲ್ಲಿಗೂ ಅವರು ಹೊರಟಿರಲಿಲ್ಲ. ಈ ಕೆಲಸದ ಮಾತೆತ್ತಿದಾಗಲೂ ಮೊದಲಿಗೆ ‘ಕಣ್ಣಿಲ್ಲದವನಿಗೆ ಸಿನಿಮಾ ಯಾತಕ್ಕೆ’ ಎಂದು ಖಡಾಖಂಡಿತವಾಗಿ ಹೇಳಿದ್ದರಂತೆ. ಆಮೇಲೆ ಚಿತ್ರ ಗಣಿಯ ಕುಟುಂಬದ್ದು, ಅದರಲ್ಲಿ ಕೇಜ್ ಇಳಿಯುವುದು ಹತ್ತುವುದು, ಅಪಘಾತ ಎಲ್ಲ ಇದೆ ಎಂದು ಮಗಳು ಹೇಳಿದ ಮೇಲೆ ಎರಡು ದಿನ ಯೋಚನೆ ಮಾಡಿ ಬರುತ್ತೇನೆ ಎಂದರಂತೆ. ‘ಅಪ್ಪ ಕೋಲಾರದ ಚಿನ್ನದ ಗಣಿಯಲ್ಲಿ ಇದ್ದವರು ಮೇಡಂ’ ಎಂದರು ಸ್ಟೆಲ್ಲಾ. ಒಳ್ಳೆಯದೇ ಆಯಿತು, ಬಲ್ಲವರು ಮೆಚ್ಚಿದರೆ ಇನ್ನೂ ಗೌರವ ಎಂದುಕೊಂಡೆ ನಾನು.

ಅವರು ಬಂದದ್ದು ಡಿಸೆಂಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ, ಮೆಟ್ರೊದಲ್ಲಿ. ಎರಡು ಸ್ವೆಟರ್, ಮಫ್ಲರ್, ಕೈಯಲ್ಲಿ ಮಗಳ ತೋಳು. ನಮ್ಮ ಸ್ಟುಡಿಯೋ ಒಂದು ಸೀರೆ ಅಂಗಡಿಯ ಮೇಲೆ, ಎರಡನೆಯ ಮಹಡಿಯಲ್ಲಿತ್ತು. ಮೇಲೆ ಬಂದವರೇ ‘ಮೂವತ್ತಾರು ಮೆಟ್ಲು’ ಎಂದರು. ಮೂರು ವರ್ಷದಿಂದ ಹತ್ತಿಳಿಯುತ್ತಿದ್ದರೂ ನಾನು ಒಂದು ದಿನವೂ ಎಣಿಸಿರಲಿಲ್ಲ. ಕುರ್ಚಿಯಲ್ಲಿ ಕೂರಿಸಿ, ಎಲ್ಲಿ ಗೊತ್ತಾಗುವುದಿಲ್ಲವೋ ಅಲ್ಲಿ ಕೈ ಎತ್ತಿ ಎಂದು ವಿವರಿಸಿ, ಹೆಡ್‌ಫೋನ್ ಹಾಕಿದೆ.

ಒಂದೂವರೆ ಗಂಟೆ ಅವರು ಕೈ ಎತ್ತಲಿಲ್ಲ. ಒಂದೆರಡು ಕಡೆ ನಕ್ಕರು. ಚಿತ್ರದಲ್ಲಿ ಅಮ್ಮ ಮಕ್ಕಳನ್ನು ಗದರುವಾಗ ತಲೆಯಾಡಿಸಿದರು. ನಾನು ಸುರಿಂದರ್‌ಜಿಯತ್ತ ನೋಡಿ ಹುಬ್ಬು ಹಾರಿಸಿದೆ. ನನ್ನ ಆ ಎರಡು ನಿಮಿಷ ನಲವತ್ತು ಸೆಕೆಂಡು ಬಂತು. ಶುರುವಾಗಿ ಹತ್ತು ಸೆಕೆಂಡು ಆಗಿರಲಿಲ್ಲ, ಅರುಳಪ್ಪನವರ ಬಲಗೈ ಮೇಲೆದ್ದಿತು. ಇಳಿಯುತ್ತದೆ ಎಂದು ಕಾದೆ. ಇಳಿಯಲಿಲ್ಲ. ದೃಶ್ಯ ಮುಗಿಯುವವರೆಗೂ ಆ ಕೈ ಹಾಗೇ ನಿಂತಿತ್ತು.

ಚಿತ್ರ ನಿಲ್ಲಿಸಿದೆವು. ಅವರು ಹೆಡ್‌ಫೋನ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

‘ಅಲ್ಲಿ ಯಾಕಮ್ಮ ಅಷ್ಟು ಮಾತಾಡಿದ್ರಿ?’ ಎಂದರು. ‘ಕೆಳಗಿಂದ ಬೆಲ್ ಹೊಡೀತಾ ಅವ್ನೆ. ಎಷ್ಟು ಹೊಡೆದ?’

ಯಾವ ಬೆಲ್ ಎಂದು ನನಗೆ ಗೊತ್ತಿರಲಿಲ್ಲ. ಆ ದೃಶ್ಯವನ್ನು ಐವತ್ತು ಸಲವಾದರೂ ನೋಡಿದ್ದೆ. ನೋಡಿದ್ದೆ ಅಷ್ಟೆ. ಸುರಿಂದರ್‌ಜಿಯನ್ನು ಕೇಳಿದರೆ, ಹೌದು, ಏನೋ ಟಣ್ ಟಣ್ ಸದ್ದಿದೆ, ನಿಮ್ಮ ಮಾತಿಗೆ ಅಡ್ಡ ಬರುತ್ತದೆಂದು ಇಳಿಸಿದೆ ಎಂದರು. ವಿವರಣೆ ಬರುವಾಗ ಸಿನಿಮಾದ ಮೂಲ ಶಬ್ದವನ್ನು ತಗ್ಗಿಸುವುದು ವಾಡಿಕೆ, ಅದಕ್ಕೆ ಡಕಿಂಗ್ ಎನ್ನುತ್ತಾರೆ. ನಾನು ಮುಖ ಗಂಟಿಕ್ಕಿಕೊಂಡೆ. ಅದೊಂದು ಸಣ್ಣ ಹಿನ್ನೆಲೆ ಶಬ್ದ, ಅದರ ಬದಲು ಅಲ್ಲಿನ ಜನರ ಮುಖ ಹೇಗಿದೆ ಎಂದು ತಿಳಿಯುವುದು ಮುಖ್ಯವಲ್ಲವೇ ಎಂದು ಅರುಳಪ್ಪನವರಿಗೆ ಸ್ವಲ್ಪ ಬಿರುಸಾಗಿಯೇ ಹೇಳಿದೆ.

ಅರುಳಪ್ಪನವರು ಕೋಪ ಮಾಡಿಕೊಳ್ಳಲಿಲ್ಲ. ನಿಧಾನವಾಗಿ ತಮ್ಮ ಕೆಲಸ ಏನಿತ್ತು ಎಂದು ಹೇಳಿದರು. ಅವರು ಗಣಿಯೊಳಗೆ ಇಳಿದು ಅಗೆದವರಲ್ಲ. ವೈಂಡಿಂಗ್ ಎಂಜಿನ್ ಡ್ರೈವರ್. ಕೇಜಿನ ಹಗ್ಗವನ್ನು ಸುತ್ತುವ ದೊಡ್ಡ ಎಂಜಿನ್ ಗಣಿಯ ಬಾಯಿಂದ ಸ್ವಲ್ಪ ದೂರದ ಒಂದು ಕಟ್ಟಡದಲ್ಲಿರುತ್ತದೆ. ಡ್ರೈವರಿಗೆ ಕೇಜ್ ಕಾಣುವುದಿಲ್ಲ, ಅದರೊಳಗಿನವರೂ ಕಾಣುವುದಿಲ್ಲ. ಎದುರಿಗೆ ಕೇಜ್ ಎಷ್ಟು ಆಳದಲ್ಲಿದೆ ಎಂದು ತೋರಿಸುವ ಒಂದು ಮುಳ್ಳು, ಕೈಯಲ್ಲಿ ಬ್ರೇಕು, ಕಿವಿಗೆ ಬೆಲ್. ಕೆಳಗೆ ಪ್ರತಿ ಹಂತದಲ್ಲೂ ಬೆಲ್ ಹೊಡೆಯುವುದಕ್ಕೆಂದೇ ಒಬ್ಬ ಬೆಲ್‌ಮನ್ ಇರುತ್ತಾನೆ. ಒಂದು ಹೊಡೆದರೆ ಮೇಲಕ್ಕೆ ಎತ್ತು. ಎರಡು ಹೊಡೆದರೆ ಇಳಿಸು. ಮೂರು ಹೊಡೆದರೆ ಕೇಜಿನಲ್ಲಿ ಮನುಷ್ಯರಿದ್ದಾರೆ ಎಂದರ್ಥ. ಆಗ ಡ್ರೈವರ್ ಕೇಳಿಸಿತು ಎಂದು ತಿಳಿಸಲು ತಾನೂ ಮೂರು ತಿರುಗಿ ಹೊಡೆದು, ಆಮೇಲೆ ನಿಧಾನವಾಗಿ ಎತ್ತಬೇಕು. ಕಲ್ಲನ್ನು ಎತ್ತುವ ವೇಗದಲ್ಲಿ ಮನುಷ್ಯರನ್ನು ಎತ್ತುವಂತಿಲ್ಲ. ಇಪ್ಪತ್ತೆಂಟು ವರ್ಷ ಅವರು ತಾವು ನೋಡದ ಜನರನ್ನು ಹೀಗೆ ಬರೀ ಬೆಲ್ ಕೇಳಿಕೊಂಡು ಇಳಿಸಿ ಹತ್ತಿಸಿದ್ದರು.

‘ಬೆಲ್ ಕೇಳಿಸ್ದೆ ನಾನು ಗಾಡಿ ಬಿಡಲ್ಲಮ್ಮ’ ಎಂದು ಹೇಳಿ ಎದ್ದು ನಿಂತರು. ಸಹಿ ಹಾಕಲಿಲ್ಲ.

ಅವರು ಹೋದ ಮೇಲೆ ನನಗೆ ಸಿಟ್ಟು ಬಂದದ್ದು ನಿಜ. ಎರಡು ದಿನ ಆ ರೆಕಾರ್ಡಿಂಗ್ ಮುಟ್ಟಲಿಲ್ಲ. ಮೂರನೆಯ ದಿನ ಸ್ಟೆಲ್ಲಾ ಫೋನ್ ಮಾಡಿದರು. ಸ್ಟುಡಿಯೋದಿಂದ ಬಂದಾಗಿನಿಂದ ತಂದೆ ಸರಿಯಾಗಿ ಊಟ ಮಾಡುತ್ತಿಲ್ಲ, ಎಷ್ಟು ಬೆಲ್ ಹೊಡೆದ ಎಂದು ನಿಮ್ಮಿಂದ ತಿಳಿಯಿತೇ ಎಂದು ದಿನಾ ಕೇಳುತ್ತಿದ್ದಾರೆ ಎಂದರು. ಹೊರಗೆ ಕರೆದುಕೊಂಡು ಹೋಗಿ ತಪ್ಪು ಮಾಡಿದೆನೇನೋ ಎಂದು ನೊಂದುಕೊಂಡರು. ನನ್ನ ಸಿಟ್ಟು ಅಲ್ಲೇ ಇಳಿಯಿತು. ಮರುದಿನ ಮಧ್ಯಾಹ್ನ ಇಂದಿರಾಪುರಂಗೆ ಹೋದೆ.

ಹನ್ನೊಂದನೆಯ ಮಹಡಿಯ ಮನೆ. ಅರುಳಪ್ಪನವರು ಬಾಲ್ಕನಿಯಲ್ಲಿ ಬಿಸಿಲಿಗೆ ಕುಳಿತಿದ್ದರು. ಲಿಫ್ಟಿನಲ್ಲಿ ಬಂದಿರಾ ಎಂದು ಕೇಳಿದರು. ಹೌದೆಂದೆ. ‘ಡ್ರೈವರ್ ಇಲ್ದಿರೋ ಕೇಜು. ನಂಗೆ ಅದ್ರ ಮೇಲೆ ನಂಬ್ಕೆ ಇಲ್ಲ’ ಎಂದು ನಕ್ಕರು. ಸ್ಟೆಲ್ಲಾ ಕಾಫಿ ಕೊಟ್ಟು ಅಲ್ಲೇ ಕೂತರು. ಆ ಬೆಲ್ಲಿನ ಲೆಕ್ಕ ನಿಮಗೆ ಯಾಕೆ ಅಷ್ಟು ಬೇಕು ಎಂದು ನಾನು ಕೇಳಿದೆ. ಅವರು ಹೇಳಿದ್ದನ್ನು ಮಗಳೂ ಪೂರ್ತಿಯಾಗಿ ಕೇಳಿದ್ದು ಅಂದೇ.

ನಲವತ್ತು ವರ್ಷದ ಹಿಂದಿನ ಮಾತು. ಗಣಿಯ ಆಳದಲ್ಲಿ ಬಂಡೆ ತನ್ನಷ್ಟಕ್ಕೆ ಸಿಡಿಯುವುದುಂಟು. ಅದಕ್ಕೆ ಅಲ್ಲಿನವರು ಏರ್ ಬ್ಲಾಸ್ಟ್ ಎನ್ನುತ್ತಾರೆ. ಒಂದು ದಿನ ಬೆಳಗಿನ ಪಾಳಿಯಲ್ಲಿ ಹಾಗಾಯಿತು. ಸಿಕ್ಕಿಬಿದ್ದ ಐವರಲ್ಲಿ ಅರುಳಪ್ಪನವರ ಅಣ್ಣ ಅಂತೋಣಿಯೂ ಒಬ್ಬರು. ಡ್ಯೂಟಿಯಲ್ಲಿದ್ದ ಡ್ರೈವರ್ ಅರುಳಪ್ಪನವರೇ. ಕೆಳಗಿನ ಟೆಲಿಫೋನ್ ತಂತಿ ಕಡಿದುಹೋಗಿತ್ತು. ಉಳಿದದ್ದು ಬೆಲ್ ಒಂದೇ. ಬದಲಿ ಡ್ರೈವರ್ ಬರುತ್ತೇನೆಂದರೂ ಇವರು ಜಾಗ ಬಿಟ್ಟು ಏಳಲಿಲ್ಲ. ನಾಲ್ಕು ಗಂಟೆ ಕಾಲ ಕೆಳಗಿನಿಂದ ಬೆಲ್ ಬರಲಿಲ್ಲ. ಆಮೇಲೆ ಬಂತು. ಮೂರು.

‘ಮೂರು ಅಂದ್ರೆ ಮನುಷ್ಯರು’ ಎಂದರು ಅರುಳಪ್ಪ. ‘ನಾನು ಮೂರು ತಿರುಗ್ಸಿ ಹೊಡ್ದು ಮೆಲ್ಲಗೆ ಎತ್ತಿದೆ. ಮೇಲೆ ಬರೋಕೆ ನಾಲ್ಕು ನಿಮಿಷ. ಆ ನಾಲ್ಕು ನಿಮಿಷ ನಮ್ಮಣ್ಣ ಬದುಕಿದ್ದ, ಅಮ್ಮ.’

ಕೇಜ್ ಮೇಲೆ ಬಂದಾಗ ಜನ ಕೂಗುತ್ತಾರೆ ಎಂದು ಅವರು ಕಿವಿಗೊಟ್ಟು ಕಾದರು. ಯಾರೂ ಕೂಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅತ್ತಿಗೆಯ ಅಳು ಕೇಳಿಸಿತು. ಕೇಜಿನಲ್ಲಿ ಬಂದದ್ದು ಅಂತೋಣಿಯ ಹೆಣ, ಸ್ಟ್ರೆಚರಿಗೆ ಕಟ್ಟಿದ್ದು. ಕೆಳಗೆ ಇನ್ನೂ ನಾಲ್ವರನ್ನು ಹುಡುಕುತ್ತಿದ್ದರಿಂದ ಜೊತೆಗೆ ಒಬ್ಬರೂ ಬಂದಿರಲಿಲ್ಲ. ಕೆಳಗಿನಿಂದ ಬೆಲ್ ಹೊಡೆದವನು ನಾಗಪ್ಪ, ಅರುಳಪ್ಪನವರ ಜೊತೆ ಗಣಿ ಕಾರ್ಮಿಕರ ಒಂದೇ ಲೈನಿನ ಮನೆಗಳಲ್ಲಿ ಬೆಳೆದ ಗೆಳೆಯ. ಮಣ್ಣು ಮಾಡಿದ ದಿನ ಎಲ್ಲರ ಎದುರಿಗೆ ಇವರು ಅವನ ಮೇಲೆ ಎಗರಿಬಿದ್ದರು. ಸುಳ್ಳು ಬೆಲ್ ಹೊಡೆದು ನನಗೆ ಆಸೆ ಹುಟ್ಟಿಸಿದೆ ಎಂದರು. ನಾಗಪ್ಪ ಎದುರು ಮಾತಾಡಲಿಲ್ಲ. ಬೆಲ್‌ಮನ್ ಮೇಲೆ ಡ್ರೈವರಿಗೆ ನಂಬಿಕೆ ಹೋದ ಮೇಲೆ ಒಟ್ಟಿಗೆ ಕೆಲಸ ಮಾಡುವುದು ಹೇಗೆ? ಅವನು ಬೇರೆ ಶಾಫ್ಟಿಗೆ, ಅಂದರೆ ಗಣಿಯ ಇನ್ನೊಂದು ಬಾವಿಗೆ, ವರ್ಗ ಕೇಳಿಕೊಂಡು ಹೋದ. ಅಂದಿನಿಂದ ಇವರಿಬ್ಬರ ನಡುವೆ ಮಾತಿಲ್ಲ.

‘ಎಂಜಿನ್ ರೂಮಲ್ಲಿ ಬೋರ್ಡು ಇರ್ತಿತ್ತು. ಯಾವುದಕ್ಕೆ ಎಷ್ಟು ಬೆಲ್ ಅಂತ ಎಲ್ಲಾ ಬರ್ದಿರ್ತಿತ್ತು’ ಎಂದರು. ‘ಹೆಣಕ್ಕೆ ಎಷ್ಟು ಅಂತ ಮಾತ್ರ ಅದ್ರಲ್ಲಿ ಇರ್ಲಿಲ್ಲ. ಆ ಬೆಲ್ಲು ನಮಗೆ ಕಲ್ಸಿದವ್ರು ಆ ಬಿಳಿ ಜನ ತಾನೇ? ಅವ್ರ ಊರಲ್ಲಿ ಏನು ಹೊಡೀತಾರೆ, ಅದು ಗೊತ್ತಾಗ್ಲಿ ಅಂತ ನಿಮ್ಮ ಸಿನ್ಮಾಕ್ಕೆ ಬಂದೆ.’

ನಾಚಿಕೆಯಿಂದ ನಾನು ಭೂಮಿಗೆ ಇಳಿದುಹೋದಂತಾಯಿತು. ಎರಡು ವರ್ಷದ ಮೇಲೆ ಮನೆ ಬಿಟ್ಟು, ಮೆಟ್ರೊ ಹತ್ತಿ, ಮೂವತ್ತಾರು ಮೆಟ್ಟಿಲು ಏರಿ ಈ ಮನುಷ್ಯ ಬಂದದ್ದು ಒಂದೇ ಒಂದು ಶಬ್ದ ಕೇಳಲು. ಅದರ ಮೇಲೆ ನಾನು ಹೆಂಗಸರ ಶಾಲುಗಳನ್ನು ಹೊದಿಸಿಬಿಟ್ಟಿದ್ದೆ. ಆದರೆ ಇನ್ನೊಂದು ವಿಷಯವನ್ನೂ ಹೇಳಬೇಕಿತ್ತು, ಹೇಳಿದೆ. ಸಿನಿಮಾದ ಶಬ್ದಗಳನ್ನು ಸ್ಟುಡಿಯೋದಲ್ಲಿ ಯಾರೋ ಮಾಡುತ್ತಾರೆ, ಅದನ್ನು ಸಾಕ್ಷಿ ಎಂದು ನಂಬಬಾರದು ಎಂದೆ. ‘ಗೊತ್ತಮ್ಮ’ ಎಂದರು. ‘ಆದ್ರೂ ಮಾಡಿದವ್ನು ಗಣಿಯವ್ರನ್ನ ಯಾರನ್ನಾದ್ರೂ ಕೇಳಿರ್ತಾನೆ.’

ಮರುದಿನ ಬೆಳಿಗ್ಗೆ ಸುರಿಂದರ್‌ಜಿ ಜೊತೆ ಕುಳಿತೆ. ನನ್ನ ಧ್ವನಿಯ ಟ್ರ್ಯಾಕನ್ನು ಪೂರ್ತಿ ತೆಗೆದುಹಾಕಿ ಮೂಲ ಶಬ್ದವನ್ನು ಮೇಲಕ್ಕೇರಿಸಿದರು. ಕಣ್ಣು ಮುಚ್ಚಿಕೊಂಡು ಕೇಳಿದೆ. ಹಳೆಯ ರೀಲಿನ ಚರಚರ, ಗಾಳಿ, ಆಮೇಲೆ ಸ್ಪಷ್ಟವಾಗಿ ಬೆಲ್. ಎಣಿಸಿದೆ. ಸುರಿಂದರ್‌ಜಿಯೂ ಎಣಿಸಿದರು. ಆಮೇಲೆ ಚಿತ್ರದ ಮೊದಲ ಭಾಗಕ್ಕೆ ಹೋದೆವು. ಅಲ್ಲಿ ಗಂಡಸರು ದಿನದ ಪಾಳಿ ಮುಗಿಸಿ ಮೇಲೆ ಬರುವ ಒಂದು ದೃಶ್ಯವಿದೆ. ಅಲ್ಲಿಯೂ ಅದೇ ಬೆಲ್ ಇತ್ತು, ಅಲ್ಲಿಯೂ ನಾನು ಅದರ ಮೇಲೆ ಮಾತಾಡಿದ್ದೆ. ಬರುವವರು ಮನುಷ್ಯರೆಂದು ಗೊತ್ತೇ ಇದ್ದದ್ದರಿಂದ ಅರುಳಪ್ಪನವರು ಅಲ್ಲಿ ಕೈ ಎತ್ತಿರಲಿಲ್ಲವೇನೋ.

ಅಂದೇ ಎರಡೂ ದೃಶ್ಯಗಳನ್ನು ಹೊಸದಾಗಿ ಬರೆದೆ. ಮೊದಲನೆಯದಕ್ಕೆ ಬೆಲ್ ಹೊಡೆದು ನಿಂತ ಮೇಲೆ ಒಂದೇ ಒಂದು ಸಾಲು: ‘ಮೂರು ಬೆಲ್. ಕೇಜಿನಲ್ಲಿ ಮನುಷ್ಯರಿದ್ದಾರೆ.’ ಗಣಿ ಗೊತ್ತಿಲ್ಲದ ಕೇಳುಗರಿಗೂ ಅಲ್ಲೇ ಅರ್ಥ ತಿಳಿದಿರುತ್ತದೆ. ಕೊನೆಯ ದೃಶ್ಯಕ್ಕೆ ‘ಗಣಿಯ ಬಾಯಿ. ಜನ ನಿಂತು ಕಾಯುತ್ತಿದ್ದಾರೆ’ ಎಂದಷ್ಟೇ ಹೇಳಿ ಬಾಯಿ ಮುಚ್ಚಿದೆ. ಎರಡೂವರೆ ನಿಮಿಷ ಮೌನ, ಕೊನೆಗೆ ಇನ್ನೊಂದೇ ಸಾಲು. ಮುದ್ರಣ ಮುಗಿಯುವವರೆಗೂ ಅಭ್ಯಾಸಬಲದಿಂದ ನನ್ನ ಕಣ್ಣು ಗಡಿಯಾರದ ಮೇಲೆಯೇ ಇತ್ತು.

ಎಷ್ಟು ಬೆಲ್ ಎಂದು ಫೋನಿನಲ್ಲಿ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಅದನ್ನು ಅವರು ತಮ್ಮ ಕಿವಿಯಿಂದಲೇ ಕೇಳಬೇಕು ಅನಿಸಿತು. ಮುಂದಿನ ಶನಿವಾರ ಅರುಳಪ್ಪನವರು ಮತ್ತೆ ಬಂದು ಅದೇ ಕುರ್ಚಿಯಲ್ಲಿ ಕುಳಿತರು. ಪಾಳಿ ಮುಗಿಯುವ ದೃಶ್ಯದಲ್ಲಿ ಬೆಲ್ ಬಂದಾಗ ಅವರ ಬಲಗೈ ತಾನಾಗಿಯೇ ಕುರ್ಚಿಯ ತೋಳನ್ನು ಹಿಡಿದುಕೊಂಡಿತು. ಕೊನೆಯ ದೃಶ್ಯ ಬಂತು. ನಾನು ಹೇಳಬೇಕಾದ ಎರಡು ಸಾಲು ಮುಗಿದವು. ಗಾಳಿಯ ಸದ್ದು. ಆಮೇಲೆ ಬೆಲ್, ಒಂದು, ಎರಡು, ಮೂರು. ಅರುಳಪ್ಪನವರು ಕುರ್ಚಿಯ ತೋಳಿನ ಮೇಲೆ ಬೆರಳ ಗೆಣ್ಣಿನಿಂದ ಮೂರು ಸಲ ಕುಟ್ಟಿದರು. ಚಕ್ರ ತಿರುಗುವ ಸದ್ದು ಕೇಳುತ್ತಿದ್ದಷ್ಟು ಹೊತ್ತೂ ಅವರ ಕೈ ಬ್ರೇಕು ಹಿಡಿದಂತೆ ಬಹಳ ನಿಧಾನವಾಗಿ ಹಿಂದಕ್ಕೆ ಸರಿಯುತ್ತಿತ್ತು. ಕೇಜ್ ನಿಂತಾಗ ಕೈಯೂ ನಿಂತಿತು.

ಪರದೆಯ ಮೇಲೆ ಕೇಜಿನಿಂದ ಹೆಣ ಇಳಿಸುತ್ತಿದ್ದರು. ಅದನ್ನು ಹೇಳುವ ಸಾಲು ದೃಶ್ಯದ ಕೊನೆಯಲ್ಲಿತ್ತು. ಅದು ಮುಗಿದ ಮೇಲೆ ಅವರು ಹೆಡ್‌ಫೋನ್ ತೆಗೆದರು.

‘ಇವ್ನೂ ಮೂರೇ ಹೊಡೆದ’ ಎಂದರು. ಮಗಳ ಕಡೆ ತಿರುಗಿದರು. ‘ಒಂದು ಹೊಡೆದಿದ್ರೆ ಕಲ್ಲು ಬರ್ತೈತೆ ಅಂತ ನಾನು ಜೋರಾಗಿ ಎತ್ತಿರ್ತಿದ್ದೆ. ನಿಮ್ಮ ದೊಡ್ಡಪ್ಪನ್ನ ಕಲ್ಲು ಅಂತ ಕಳ್ಸೋಕೆ ನಾಗಪ್ಪಂಗೆ ಮನಸ್ಸು ಬಂದಿಲ್ಲ, ಸ್ಟೆಲ್ಲಾ. ಅಷ್ಟೇ ಅವ್ನು ಮಾಡಿದ್ದು.’

ಸ್ಟೆಲ್ಲಾ ಅಳತೊಡಗಿದರು. ನನಗೂ ತಡೆಯಲಾಗಲಿಲ್ಲ. ಕನ್ನಡದ ಒಂದಕ್ಷರ ಬಾರದ ಸುರಿಂದರ್‌ಜಿ ಎದ್ದು ಹೋಗಿ ನಾಲ್ಕು ಕಪ್ ಚಹಾ ತಂದರು. ಅರುಳಪ್ಪನವರು ಚಹಾ ಕುಡಿದು, ಫಾರಂ ಎಲ್ಲಿ ಎಂದು ಕೇಳಿ, ಸಹಿಯ ಜಾಗದಲ್ಲಿ ನಾನು ಇಟ್ಟ ಸ್ಕೇಲಿನ ಅಂಚು ಹಿಡಿದು ನೇರವಾಗಿ ತಮ್ಮ ಹೆಸರು ಬರೆದರು.

ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಹತ್ತು ದಿನದ ಮೇಲೆ ಸ್ಟೆಲ್ಲಾ ಮತ್ತೆ ಫೋನ್ ಮಾಡಿದರು. ನಾಗಪ್ಪ ಬದುಕಿದ್ದಾರೆ, ಎಂಬತ್ತರ ಹತ್ತಿರದ ವಯಸ್ಸು, ಮಗನ ಸಂಸಾರದ ಜೊತೆ ಅದೇ ಊರಿನಲ್ಲಿದ್ದಾರೆ ಎಂದು ನೆಂಟರ ಮೂಲಕ ಪತ್ತೆಯಾಗಿತ್ತು. ಆದರೆ ಗಣಿಯ ಸಿಡಿಮದ್ದಿನ ಸದ್ದಿಗೆ ಅವರ ಎರಡೂ ಕಿವಿ ಹೋಗಿತ್ತು. ಫೋನಿನಲ್ಲಿ ಮಾತಾಡುವಂತಿಲ್ಲ. ವಿಡಿಯೊ ಕಾಲ್ ಮಾಡಬಹುದು, ಆದರೆ ಅದು ಇವರಿಗೆ ಕಾಣುವುದಿಲ್ಲ. ಭಾನುವಾರ ಕಾಲ್ ಮಾಡುತ್ತೇವೆ, ನೀವು ಬರಬೇಕಂತೆ, ಅಪ್ಪನ ಹಟ ಎಂದರು ಸ್ಟೆಲ್ಲಾ. ನೀವಿದ್ದೀರಲ್ಲ, ನೀವೇ ನೋಡಿ ಹೇಳಬಹುದಲ್ಲ ಎಂದೆ. ಅರುಳಪ್ಪನವರು ಅವರ ಕೈಯಿಂದ ಫೋನ್ ಇಸಿದುಕೊಂಡರು.

‘ನನ್ನ ಮಗ್ಳು ನಂಗೆ ನೋವಾಗ್ದಂಗೆ ಹೇಳ್ತಾಳಮ್ಮ’ ಎಂದರು. ‘ನೀವು ಇದ್ದಿದ್ದು ಇದ್ದಂಗೆ ಹೇಳ್ತೀರಿ.’

ಭಾನುವಾರ ಹತ್ತು ಗಂಟೆಗೆ ಇಂದಿರಾಪುರಂ ಮನೆಯಲ್ಲಿದ್ದೆ. ಅರುಳಪ್ಪನವರು ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸೋಫಾದ ಮೇಲೆ ನೆಟ್ಟಗೆ ಕುಳಿತಿದ್ದರು. ಪಕ್ಕದಲ್ಲಿ ನಾನು. ಸ್ಟೆಲ್ಲಾ ಫೋನನ್ನು ಅಪ್ಪನ ಮುಖಕ್ಕೆ ಸರಿಯಾಗಿ ಹಿಡಿದು ಎದುರಿಗೆ ನಿಂತರು. ಪರದೆ ನನಗೂ ಕಾಣುವಂತೆ ಒಂದು ಕನ್ನಡಿಯನ್ನು ಅವರ ಹಿಂದಿನ ಕಪಾಟಿಗೆ ಒರಗಿಸೋಣ ಎಂದೆಲ್ಲ ಯೋಚಿಸಿ, ಕೊನೆಗೆ ಸೆಲ್ಫಿ ಕ್ಯಾಮೆರಾ ಹಾಕಿದರೆ ಪರದೆಯೂ ನಮ್ಮ ಕಡೆಗೇ ಇರುತ್ತದೆ ಎಂದು ಗೊತ್ತಾಗಿ ನಾವೇ ನಕ್ಕೆವು. ಆ ಕಡೆ ನಾಗಪ್ಪನವರ ಸೊಸೆ ಕಾಲ್ ಎತ್ತಿಕೊಂಡು ಫೋನನ್ನು ಮಾವನ ಕಡೆ ತಿರುಗಿಸಿದರು.

ನಾನು ಹೇಳತೊಡಗಿದೆ. ಮಂಚದ ಮೇಲೆ ಕುಳಿತಿದ್ದಾರೆ. ತೆಳ್ಳಗಿದ್ದಾರೆ. ಮಂಕಿ ಟೋಪಿ, ದಪ್ಪ ಕನ್ನಡಕ. ನಿಮ್ಮನ್ನು ನೋಡುತ್ತಿದ್ದಾರೆ.

ಅರುಳಪ್ಪನವರು ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಮೂರು ಬೆರಳು ತೋರಿಸಿದರು.

‘ಏನ್ ಮಾಡ್ತಾ ಅವ್ನೆ?’ ಎಂದು ಕೇಳಿದರು.

ನೋಡುತ್ತಿದ್ದಾರೆ ಎಂದೆ. ಇನ್ನೂ ನೋಡುತ್ತಿದ್ದಾರೆ. ಈಗ ಕನ್ನಡಕ ತೆಗೆದರು. ಪಂಚೆಯ ಅಂಚಿನಿಂದ ಒರೆಸಿದರು. ಮತ್ತೆ ಹಾಕಿಕೊಂಡರು. ಅಳುತ್ತಿದ್ದಾರೆ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಸ್ಟೆಲ್ಲಾ ನನ್ನನ್ನೇ ನೋಡುತ್ತಿದ್ದರು, ಏನಾದರೂ ಸಮಾಧಾನದ ಮಾತು ಸೇರಿಸಲಿ ಎಂಬಂತೆ. ಅರುಳಪ್ಪನವರ ಕೈ ಇನ್ನೂ ಮೇಲೆಯೇ ಇತ್ತು.

‘ಕೈ ಎತ್ತುತ್ತಿದ್ದಾರೆ’ ಎಂದೆ. ‘ಮೂರು ಬೆರಳು.’

‘ಮೂರೇನಾ?’

‘ಮೂರೇ.’

ಈಗ ಹೊಸಬರಿಗೆ ಈ ಕೆಲಸ ಕಲಿಸುವಾಗ ಮೊದಲ ದಿನ ಕಾಗದ ಪೆನ್ನು ಕೊಡುವುದಿಲ್ಲ. ಕಣ್ಣು ಮುಚ್ಚಿಸಿ ಚಿತ್ರವನ್ನು ಒಂದು ಸಲ ಪೂರ್ತಿ ಕೇಳಿಸುತ್ತೇನೆ. ನಾವು ಬಾಯಿ ಬಿಡುವ ಮೊದಲು ಅಲ್ಲಿ ಆಗಲೇ ಯಾರು ಏನು ಹೇಳುತ್ತಿದ್ದಾರೆ ಎಂದು ತಿಳಿದುಕೊಳ್ಳಿ, ಆಮೇಲೆ ಬರೆಯಿರಿ ಎನ್ನುತ್ತೇನೆ. ಕಂಡದ್ದನ್ನು ಹೇಳುವುದು ಅರ್ಧ ಕೆಲಸ, ಹೇಳಿದ ಮೇಲೆ ಸುಮ್ಮನಿರುವುದು ಇನ್ನರ್ಧ. ಆ ಭಾನುವಾರ ‘ಮೂರೇ’ ಎಂದ ಮೇಲೆ ನಾನು ಬೇರೆ ಮಾತಾಡಲಿಲ್ಲ. ಇಬ್ಬರು ಮುದುಕರೂ ಕೈ ಎತ್ತಿಕೊಂಡೇ ಕುಳಿತಿದ್ದರು. ಎಷ್ಟು ಹೊತ್ತು ಎಂದು ನಾನು ಗಡಿಯಾರ ನೋಡಲಿಲ್ಲ.